ಅರವತ್ತೆರಡು ಹೌದುಗಳ ಕಾರ್ಡು

ಪುಕ್ಕಟೆಯಾಗಿ ಬರುವ ಯಾವ ವಸ್ತುವನ್ನೇ ಆಗಲಿ ಬೇಡವೆನ್ನುವುದು ಕಳುಹಿಸುವವನಿಗೆ ಮಾಡುವ ಅವಮಾನ ಎಂದು ಮೊಣ್ಣಪ್ಪ ನಂಬಿದ್ದ. ಕಕ್ಕಬೆಯ ಮೇಲಿನ ಒಂದು ಕಾಫಿ ಎಸ್ಟೇಟಿನಲ್ಲಿ ಇಪ್ಪತ್ತೆರಡು ವರ್ಷದಿಂದ ಲೆಕ್ಕ ಬರೆಯುವ ರೈಟರ್ ಆಗಿದ್ದ ಆತ ಅಷ್ಟೇ ವರ್ಷಗಳಿಂದ ಪ್ರಪಂಚಕ್ಕೆಲ್ಲ ಕಾಗದ ಬರೆಯುತ್ತಿದ್ದ. ಬಂಗಲೆಯಲ್ಲಿ ಮ್ಯಾನೇಜರ್ ಓದಿ ಎಸೆದ ಇಂಗ್ಲಿಷ್ ಪತ್ರಿಕೆಗಳು ರದ್ದಿಗೆ ಹೋಗುವ ಮೊದಲು ಅವನ ಕೈಗೆ ಬರುತ್ತಿದ್ದವು. ‘ಬರೆದು ತರಿಸಿಕೊಳ್ಳಿ, ಬೆಲೆ ಇಲ್ಲ’ ಎಂದು ಅವುಗಳ ಯಾವ ಮೂಲೆಯಲ್ಲಿ ಕಂಡರೂ ಅವನು ಬರೆಯುತ್ತಿದ್ದ. ಹೀಗೆ ಅವನ ಮನೆಗೆ ಜರ್ಮನಿಯ ರೇಡಿಯೋದವರ ಕ್ಯಾಲೆಂಡರ್ ಬಂದಿತ್ತು. ಹಾಲೆಂಡಿನ ಹೂವಿನ ಗಡ್ಡೆಗಳ ಪಟ್ಟಿ ಬಂದಿತ್ತು. ಒಂದು ಹಡಗಿನ ಕಂಪನಿಯ ವೇಳಾಪಟ್ಟಿ, ಕಿವುಡರಿಗೆ ಸಲಹೆಗಳ ಪುಸ್ತಕ ಬಂದಿದ್ದವು. ಮೊಣ್ಣಪ್ಪನ ಕಿವಿ ಚೆನ್ನಾಗಿಯೇ ಇತ್ತು. ಹಡಗನ್ನು ಅವನು ನೋಡಿರಲಿಲ್ಲ.

“ಬರುದೆಲ್ಲ ಕಾಗದವೇ,” ಎನ್ನುತ್ತಿದ್ದಳು ಹೆಂಡತಿ ನೀಲಾವತಿ. “ಒಂದು ಸಲ ಆದ್ರೂ ಬೇಯಿಸಿ ತಿನ್ನುವಂಥದ್ದು ಬರ್ಲಿಲ್ಲೆ.”

ಕೊಡಗು ಮೈಸೂರಿಗೆ ಸೇರಿ ಎಂಟನೆಯ ವರ್ಷ ಅವನು ಒಂದು ದಪ್ಪ ಪತ್ರಿಕೆಯಲ್ಲಿ ಅಮೆರಿಕದ ವಿಶ್ವವಿದ್ಯಾಲಯವೊಂದರ ಪ್ರಕಟಣೆ ನೋಡಿದ. ಲೆಕ್ಕ ಮಾಡುವ ಯಂತ್ರಗಳಿಗಾಗಿ ತಾವು ಮಾಡಿದ ‘ಕಂಪೈಲರ್’ ಎಂಬುದರ ಎರಡನೆಯ ಆವೃತ್ತಿ ಸಿದ್ಧವಾಗಿದೆ, ಯಂತ್ರ ಇರುವ ಯಾರು ಬರೆದರೂ ಬೆಲೆಯಿಲ್ಲದೆ ಕಳುಹಿಸುತ್ತೇವೆ ಎಂದು ಅದರಲ್ಲಿತ್ತು. ಕಂಪೈಲರ್ ಎಂದರೇನೆಂದು ಮೊಣ್ಣಪ್ಪನಿಗೆ ತಿಳಿಯಲಿಲ್ಲ. ಬೆಲೆಯಿಲ್ಲ ಎನ್ನುವುದು ತಿಳಿಯಿತು. ‘ನಿಮ್ಮಲ್ಲಿರುವ ಯಂತ್ರದ ವಿವರ’ ಎಂಬ ಕಡೆ ಅವನು ಸ್ವಲ್ಪ ಹೊತ್ತು ಯೋಚಿಸಿದ. ಎಸ್ಟೇಟಿನಲ್ಲಿ ಇದ್ದ ಯಂತ್ರ ಒಂದೇ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್. ಸುಳ್ಳು ಬರೆಯುವ ಮನುಷ್ಯ ಅವನಲ್ಲ. ‘ಒಂದು ಇದೆ. ಇಂಗ್ಲೆಂಡಿನದು. ನೀರಿನ ಬಲದಿಂದ ಓಡುತ್ತದೆ. ಡಿಸೆಂಬರಿನಿಂದ ಮಾರ್ಚಿನವರೆಗೆ ಮಾತ್ರ’ ಎಂದು ಬರೆದು, ಎಸ್ಟೇಟಿನ ಮೊಹರು ಹೊಡೆದು ಕಳುಹಿಸಿದ.

ಪುತ್ತರಿ ಹಬ್ಬ ಕಳೆದು ಎರಡು ವಾರಕ್ಕೆ ಬಸ್ಸಿನ ಮೇಲಿನಿಂದ ಒಂದು ಪೆಟ್ಟಿಗೆ ಇಳಿಯಿತು.

ಪೋಸ್ಟ್ ಮಾಸ್ಟರ್ ಪೊನ್ನಪ್ಪನ ಅಂಚೆ ಕಚೇರಿ ಅವನ ಅಂಗಡಿಯ ಒಂದು ಮೂಲೆ. ಆದ್ದರಿಂದ ಪೆಟ್ಟಿಗೆಯನ್ನು ಅಕ್ಕಿ ಮೂಟೆಯ ಮೇಲಿಟ್ಟು, ಅಕ್ಕಿ ಕೊಳ್ಳಲು ಬಂದವರ ಎದುರಿಗೇ ತೆರೆಯಬೇಕಾಯಿತು. ಒಳಗೆ ಉದ್ದುದ್ದ ಕಾರ್ಡುಗಳಿದ್ದವು, ಎಲ್ಲ ಒಂದೇ ಅಳತೆಯವು, ಒಂದು ಮೂಲೆ ಕತ್ತರಿಸಿದವು. ಪ್ರತಿ ಕಾರ್ಡಿನ ತುಂಬ ಸಣ್ಣ ಚೌಕಾಕಾರದ ತೂತುಗಳು. ಅಂಚಿನಲ್ಲಿ ಒಂದೊಂದು ನಂಬರು. ಒಟ್ಟು ಸಾವಿರದ ನೂರ ಹನ್ನೆರಡು. ಬೇರೆ ಕಟ್ಟಿದ ಹತ್ತು ಖಾಲಿ ಕಾರ್ಡು. ಮೇಲೊಂದು ಕಾಗದ.

“ಎಂತ ರೈಟ್ರೇ ಇದು?” ಎಂದ ಪೊನ್ನಪ್ಪ.

ತಿಳಿಯದು ಎಂದು ಹೇಳಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ತನ್ನ ಹೆಸರಿಗೆ ಅಮೆರಿಕದಿಂದ ಪೆಟ್ಟಿಗೆ ತರಿಸಿಕೊಂಡವನು, ಹನ್ನೊಂದು ಜನ ನೋಡುತ್ತಿರುವಾಗ, ತಿಳಿಯದು ಎನ್ನುವುದು ಹೇಗೆ? ಮೊಣ್ಣಪ್ಪ ಕನ್ನಡಕ ಹಾಕಿಕೊಂಡು ಕಾಗದ ಓದಿದ. ನಾಲ್ಕು ಪುಟದ ಕಾಗದದಲ್ಲಿ ಅವನಿಗೆ ಅರ್ಥವಾದದ್ದು ಮೂರು ಸಂಗತಿ. ತೂತಿದ್ದರೆ ಹೌದು, ಇಲ್ಲದಿದ್ದರೆ ಇಲ್ಲ ಎಂದು ತಿಳಿಯಬೇಕು. ತಪ್ಪು ಕಂಡರೆ ಖಾಲಿ ಕಾರ್ಡಿನಲ್ಲಿ ತಿದ್ದಿ ನಮಗೂ ತಿಳಿಸಬೇಕು. ಇದನ್ನು ನಿಮ್ಮಲ್ಲೇ ಬಚ್ಚಿಡಬೇಡಿ, ಪ್ರತಿ ಮಾಡಿ ಕೇಳಿದ ನೆರೆಯವರಿಗೆಲ್ಲ ಕೊಡಿ, ಏನೂ ತೆಗೆದುಕೊಳ್ಳಬೇಡಿ. ಪ್ರತಿ ಮಾಡುವ ವಿಷಯವನ್ನು ಅವನು ಬಿಟ್ಟುಬಿಟ್ಟ. ಸಾವಿರದ ನೂರು ಕಾರ್ಡುಗಳಿರುವಾಗ ಪ್ರತಿ ಯಾಕೆ? ಅಮೆರಿಕದವರು ಧಾರಾಳಿಗಳು, ಅವರೇ ಮಾಡಿ ಕಳುಹಿಸಿದ್ದಾರೆ. ಕೊನೆಯ ಪುಟದಲ್ಲಿ ಉತ್ತರ ದೇಶದ ಯಾವುದೋ ಕಾಲೇಜಿನ ಹೆಸರಿತ್ತು. ಉಪಚಾರದ ಮಾತಿರಬೇಕೆಂದು ಅದನ್ನು ಮಡಿಸಿಟ್ಟ.

“ಕೇಳಿದ ನೆರೆಯವರಿಗೆಲ್ಲ ಕೊಡ್ಬೇಕು ಅಂತ ಉಟ್ಟು,” ಎಂದ ಗಂಭೀರವಾಗಿ. “ತೂತು ಇರುವಲ್ಲಿ ಹೌದು. ಇಲ್ಲದಲ್ಲಿ ಇಲ್ಲ.”

“ಎಂತಕ್ಕೆ ಹೌದು?”

“ಅದು ಆಮೇಲೆ ತಿಳೀತದೆ,” ಎಂದ ಮೊಣ್ಣಪ್ಪ. ಅವನು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ ಎಂಬುದನ್ನು ಓದುಗರು ನೆನಪಿಡಬೇಕು.

ಆ ಎಂಟು ವರ್ಷಗಳಲ್ಲಿ ಕಕ್ಕಬೆಯವರಿಗೆ ಹೊಸ ಕಾಗದ, ಹೊಸ ಮೊಹರು, ಹೊಸ ಸಾಹೇಬರು ಬರುವುದು ಅಭ್ಯಾಸವಾಗಿತ್ತು. ಮಡಿಕೇರಿಯಲ್ಲಿ ನಡೆಯುತ್ತಿದ್ದ ಸರ್ಕಾರ ಬೆಂಗಳೂರಿಗೆ ಹೋದ ಮೇಲೆ ಯಾವ ಕಾಗದ ಯಾತಕ್ಕೆ ಬೇಕಾಗುತ್ತದೆಂದು ಮೊದಲೇ ಹೇಳುವವರು ಯಾರೂ ಇರಲಿಲ್ಲ. ಬಂದದ್ದನ್ನು ಇಸಿದುಕೊಂಡು ಜೋಪಾನ ಮಾಡುವುದು ಕ್ಷೇಮ. ಅಂದು ಸಾಯಂಕಾಲದೊಳಗೆ ಮೊಣ್ಣಪ್ಪನ ಜಗಲಿಯಲ್ಲಿ ಸಾಲು ನಿಂತಿತು. ರೈಟರ್ ಆದದ್ದರಿಂದ ಅವನು ಹೆಸರು ಬರೆದುಕೊಂಡು, ಅಂಚಿನ ನಂಬರು ಬರೆದುಕೊಂಡು, ಒಬ್ಬೊಬ್ಬರಿಗೆ ಕೈಗೆ ಸಿಕ್ಕ ಒಂದೊಂದು ಕಾರ್ಡು ಕೊಟ್ಟ.

ಸಾಲಿನ ಕೊನೆಗೆ ಎಸ್ಟೇಟಿನ ಕೂಲಿಗಳ ಲೈನುಮನೆಯ ಮಾದಿ ನಿಂತಿದ್ದಳು. “ನಮ್ಮ ಲೈನಿನೋರಿಗೂ ಉಂಟಾ?”

“ಅವರಿಗೆ ಯಾಕೆ?” ಎಂದ ಕುಶಾಲಪ್ಪ. ಕುಶಾಲಪ್ಪ ಊರಿನ ದೊಡ್ಡಮನೆಯವನು. ತನಗೆ ಸಿಕ್ಕಿದ್ದು ಇನ್ನೊಬ್ಬರಿಗೂ ಸಿಕ್ಕಿತೆಂದರೆ ಅವನಿಗೆ ಅದು ಕಡಿಮೆಯಾದಂತೆ ಕಾಣುತ್ತಿತ್ತು.

“ಕೇಳಿದವರಿಗೆಲ್ಲ ಅಂತ ಬರ್ದವ್ರೆ ಕುಶಾಲಪ್ಪಣ್ಣ. ಮಾದಿ ಕೇಳಿದಳು,” ಎಂದ ಮೊಣ್ಣಪ್ಪ.

ಮಾದಿಗೆ ಆರುನೂರ ಎರಡನೆಯ ಕಾರ್ಡು ಹೋಯಿತು.

ಎರಡು ದಿನ ಎಲ್ಲ ಸುಮ್ಮನಿತ್ತು. ಮೂರನೆಯ ದಿನ ಜನ ತೂತು ಎಣಿಸತೊಡಗಿದರು. ಪೊನ್ನಪ್ಪನಿಗೆ ನಲವತ್ತು ಹೌದು ಬಂದಿತ್ತು. ಅವನ ಭಾವನಿಗೆ ಮೂವತ್ತೊಂದು. ಇಬ್ಬರೂ ಮಾತು ಬಿಟ್ಟರು. ಮಾದಿಗೆ ಐವತ್ತೈದು ಬಂದದ್ದು ತಿಳಿದು ಮೇಸ್ತ್ರಿ ಅವಳನ್ನು ಒಂದು ದಿನವಿಡೀ ಬೈಯಲಿಲ್ಲ. ಮಿಡಲ್ ಸ್ಕೂಲಿನ ಮೇಷ್ಟರು ತಮ್ಮ ಕಾರ್ಡನ್ನು ತಿರುವಿ ಹಿಡಿದರೆ ಹೌದುಗಳೆಲ್ಲ ಬಲಗಡೆಗೆ ಬರುತ್ತವೆಂದು ತೋರಿಸಿ, ಅದರಿಂದ ಏನಾಗುತ್ತದೆಂದು ಮಾತ್ರ ಹೇಳಲಿಲ್ಲ. ಎಲ್ಲರಿಗಿಂತ ಹೆಚ್ಚು, ಅರವತ್ತೆರಡು ಹೌದು ಬಂದದ್ದು ಬೊಳ್ಳಮ್ಮನಿಗೆ. ಎಲ್ಲರಿಗಿಂತ ಕಡಿಮೆ ಬಂದದ್ದು ಕುಶಾಲಪ್ಪನಿಗೆ. ಅವನ ಕಾರ್ಡಿನಲ್ಲಿ ಇದ್ದದ್ದು ಮೂರು ತೂತು.

ಇದು ಸಣ್ಣ ವಿಷಯವಲ್ಲ. ಬೊಳ್ಳಮ್ಮ ಕುಶಾಲಪ್ಪನ ಸತ್ತುಹೋದ ತಮ್ಮನ ಹೆಂಡತಿ. ಮಕ್ಕಳಿಲ್ಲ. ಗಂಡ ಕಟ್ಟಿದ ಎರಡು ಕೋಣೆಯ ಮನೆ, ಹಿಂದೆ ಮುಕ್ಕಾಲು ಎಕರೆ, ಅದರಲ್ಲಿ ಕರಿಮೆಣಸಿನ ಬಳ್ಳಿ, ಇಷ್ಟೇ ಅವಳದು. ಒಂಟಿ ಹೆಂಗಸು ಬೇರೆ ಮನೆ ಇಟ್ಟುಕೊಂಡಿರುವುದು ಸರಿಯಲ್ಲ, ದೊಡ್ಡಮನೆಗೆ ಬಂದು ಅಡುಗೆ ನೋಡಿಕೊಂಡಿರಲಿ ಎಂದು ಕುಶಾಲಪ್ಪ ಮನೆ ಜಾಗ ಬಿಟ್ಟುಕೊಡುವ ಒಂದು ಕಾಗದ ಬರೆಸಿ ಇಟ್ಟಿದ್ದ. ಸಹಿಗಾಗಿ ಮೂರು ಸಲ ಬಂದಿದ್ದ. ಮೂರು ಸಲವೂ ಬೊಳ್ಳಮ್ಮನ ಕನ್ನಡಕ ಸಿಕ್ಕಿರಲಿಲ್ಲ. ನಾಲ್ಕನೆಯ ಸಲ ಬಂದಾಗ ಬಾಗಿಲ ಎದುರಿನ ಕಿಟಕಿಯ ಚೌಕಟ್ಟಿಗೆ ಮೊಳೆ ಹೊಡೆದು ಕಾರ್ಡನ್ನು ತೂಗುಹಾಕಲಾಗಿತ್ತು. ಹಿಂದಿನಿಂದ ಕಿಟಕಿಯ ಬೆಳಕು ಬೀಳುವಂತೆ ಹಾಕಿದ್ದರಿಂದ ಅರವತ್ತೆರಡು ತೂತುಗಳೂ ಕುಶಾಲಪ್ಪನ ಮುಖದ ಕಡೆಗೇ ನೋಡುತ್ತಿದ್ದವು.

ಅವನು ಕಾಗದವನ್ನು ಜೇಬಿನಿಂದ ತೆಗೆಯಲಿಲ್ಲ. “ಚೆನ್ನಾಗಿದ್ದೀಯಲ್ಲ ಬೊಳ್ಳಮ್ಮ” ಎಂದ. ಕಾಫಿ ಕುಡಿಯದೆ ಹೋದ. ಹೋದವನು ನೇರ ಮೊಣ್ಣಪ್ಪನ ಮನೆಗೆ ಬಂದ.

“ನಂಗೆ ಮೂರು, ಅವಳಿಗೆ ಅರವತ್ತೆರಡು. ಇದು ಯಾವ ನ್ಯಾಯ?”

“ನಾನು ತೂತು ಹಾಕಿದ್ದಲ್ಲ ಕುಶಾಲಪ್ಪಣ್ಣ. ಮೇಲಿಂದ ಬಂದದ್ದು.”

“ಯಾವ ಮೇಲಿಂದ?”

“ತುಂಬ ಮೇಲಿಂದ,” ಎಂದ ಮೊಣ್ಣಪ್ಪ. ಅವನ ಮನಸ್ಸಿನಲ್ಲಿದ್ದದ್ದು ಭೂಪಟ.

ಕುಶಾಲಪ್ಪ ದೂರು ಬರೆದ. ದೂರಿನ ಮೇಲೆ ನಾಪೋಕ್ಲಿನಿಂದ ರೆವಿನ್ಯೂ ಇನ್ಸ್‌ಪೆಕ್ಟರ್ ಕಲ್ಲೇಶಪ್ಪ ಬಂದರು. ಹಾಸನದ ಕಡೆಯವರು, ಹೊಸಬರು, ಚಳಿಗೆ ಮಫ್ಲರ್ ಸುತ್ತಿಕೊಂಡೇ ಇರುವವರು. ಮೊಣ್ಣಪ್ಪನ ಜಗಲಿಯಲ್ಲಿ ಕುರ್ಚಿ ಹಾಕಿ ಕೂತು, “ಸರ್ಕಾರದ ಹೆಸರಲ್ಲಿ ಕಾರ್ಡು ಹಂಚ್ತಾ ಇದ್ದೀರಂತೆ. ಏನ್ರೀ ಇದು?” ಎಂದು ಕೇಳಿದರು.

ಮೊಣ್ಣಪ್ಪ ಪೆಟ್ಟಿಗೆಯನ್ನೂ ಕಾಗದವನ್ನೂ ತಂದು ಮುಂದಿಟ್ಟ. ಕಲ್ಲೇಶಪ್ಪ ಕಾಗದವನ್ನು ಮೇಲಿಂದ ಕೆಳಗೆ ನೋಡಿದರು. ವಿದೇಶದ ಅಂಚೆಚೀಟಿ ನೋಡಿದರು. ಒಂದು ಕಾರ್ಡನ್ನು ಬೆಳಕಿಗೆ ಹಿಡಿದರು, ಮೂಸಿದರು, ಬಗ್ಗಿಸಿ ಬಿಟ್ಟರು. ಅಷ್ಟರಲ್ಲಿ ಅಂಗಳದಲ್ಲಿ ಮೂವತ್ತು ಜನ ಸೇರಿದ್ದರು. ಎಲ್ಲರೂ ಅವರ ಮುಖ ನೋಡುತ್ತಿದ್ದರು. ಕಲ್ಲೇಶಪ್ಪನವರೂ ಮನುಷ್ಯರೇ. ಪೊನ್ನಪ್ಪನ ಅಂಗಡಿಯಲ್ಲಿ ಮೊಣ್ಣಪ್ಪನಿಗೆ ಆದದ್ದೇ ಅವರಿಗೂ ಆಯಿತು.

“ಹೂಂ,” ಎಂದರು. “ಇದರ ಸುತ್ತೋಲೆ ನಮ್ಮ ಆಫೀಸಿಗಿನ್ನೂ ತಲುಪಿಲ್ಲ. ಬರುತ್ತೆ.”

ಆಗ ಬೊಳ್ಳಮ್ಮ ಜನರ ನಡುವಿನಿಂದ ಮುಂದೆ ಬಂದಳು. ಕಾರ್ಡನ್ನು ಸೆರಗಿನಲ್ಲಿ ಸುತ್ತಿ ತಂದಿದ್ದಳು. “ಸ್ವಾಮಿ, ಇದು ನನ್ನದು. ನೀವು ನೋಡಿದ್ರಿ ಅಂತ ಒಂದು ಬರ್ದು ಕೊಟ್ಟರೆ ಒಳ್ಳೇದಿತ್ತ್. ಕಣ್ಣು ಕಾಣ್ದವಳು, ಯಾರಾದ್ರೂ ಕೇಳಿದ್ರೆ ತೋರಿಸೋಕೆ ಆಗ್ತದೆ.”

ನೋಡಿದ್ದನ್ನು ನೋಡಿದೆ ಎಂದು ಬರೆಯಲು ಯಾವ ಅಧಿಕಾರಿಗೂ ಅಡ್ಡಿಯಿಲ್ಲ. ಕಲ್ಲೇಶಪ್ಪ ಕಾರ್ಡನ್ನು ತಿರುಗಿಸಿ ಹಿಂಬದಿಯಲ್ಲಿ ‘ನೋಡಿದೆ’ ಎಂದು ಬರೆದು, ರುಜು ಮಾಡಿ, ತಾರೀಖು ಹಾಕಿದರು. ಅಂಗಳದ ಕೊನೆಯಲ್ಲಿದ್ದ ಕುಶಾಲಪ್ಪ ಕೊಡೆ ಬಿಚ್ಚಿಕೊಂಡು ಹೊರಟ. ಮಳೆಯಿರಲಿಲ್ಲ.

ಜನ ಚದುರಿದ ಮೇಲೆ ಕಲ್ಲೇಶಪ್ಪ ತಗ್ಗಿದ ದನಿಯಲ್ಲಿ ಹೇಳಿದರು: “ನಂಗೂ ಒಂದು ಇರ್ಲಿ.”

“ನೆರೆಯವರಿಗೆ ಅಂತ ಉಟ್ಟು ಸಾರ್.”

“ಅಲ್ರೀ, ಆರು ತಿಂಗಳಿಂದ ನಾಪೋಕ್ಲಲ್ಲೇ ಇದ್ದೀನಲ್ಲ.”

ಮೊಣ್ಣಪ್ಪ ಪೆಟ್ಟಿಗೆಯ ಮೇಲಿದ್ದ ಕಾರ್ಡು ಕೊಟ್ಟ. ಕಲ್ಲೇಶಪ್ಪ ಎಣಿಸಿದರು. ಹನ್ನೊಂದು. “ಇನ್ನೊಂಚೂರು ಜಾಸ್ತಿ ಇರೋದು ಇಲ್ವಾ?” ಎಂದರು.

ಹೀಗೆ ಎರಡು ತಿಂಗಳು ಕಳೆದು, ಕಾಫಿ ಹಣ್ಣಿನ ಪಿಕಿಂಗ್ ಮುಗಿಯುತ್ತ ಬಂದಾಗ, ಉತ್ತರ ದೇಶದ ಆ ಕಾಲೇಜಿನಿಂದ ಒಬ್ಬ ಪ್ರೊಫೆಸರರ ಪತ್ರ ಬಂತು. ಇಡೀ ದೇಶಕ್ಕೆ ಬಂದಿರುವ ಪ್ರತಿ ಅದೊಂದೇ ಎಂದೂ, ಮೊಣ್ಣಪ್ಪನವರ ಕೆಲಸ ಮುಗಿದ ಕೂಡಲೆ ತಮಗೆ ಕಳುಹಿಸಬೇಕೆಂದು ಅಮೆರಿಕದವರು ಮೊದಲೇ ಬರೆದಿದ್ದಾರೆಂದೂ, ತಾವು ಕಾಯುತ್ತಿರುವುದಾಗಿಯೂ ಅವರು ವಿನಯದಿಂದ ಬರೆದಿದ್ದರು. ಮಳೆಗಾಲಕ್ಕೆ ಮೊದಲು ಒಂದು ನದಿಯ ಪ್ರವಾಹದ ಲೆಕ್ಕ ಹಾಕಬೇಕಾಗಿದೆ. ಯಂತ್ರಕ್ಕೆ ನಾವು ಬರೆಯುವ ಮಾತು ತಿಳಿಯದು, ಅದರ ಮಾತಿನಲ್ಲಿ ಬರೆಯಲು ನಮ್ಮ ಆಯುಸ್ಸು ಸಾಲದು. ನಡುವೆ ನಿಂತು ತಿರುಗಿಸಿ ಹೇಳಲು ಈ ಕಂಪೈಲರ್ ಬೇಕು. ಸಾವಿರದ ನೂರ ಹನ್ನೆರಡು ಕಾರ್ಡೂ ನಂಬರಿನ ಪ್ರಕಾರ ಸಾಲಾಗಿರಬೇಕೆಂಬುದು ನಿಮಗೆ ತಿಳಿದೇ ಇದೆ. ಒಂದು ತಪ್ಪಿದರೂ ಉಳಿದವುಗಳಿಂದ ಪ್ರಯೋಜನವಿಲ್ಲ.

ಮೊಣ್ಣಪ್ಪ ಪತ್ರವನ್ನು ಮೂರು ಸಲ ಓದಿದ. ಬೆಳಗ್ಗೆ ಮ್ಯಾನೇಜರ್ ಇಂಗ್ಲಿಷಿನಲ್ಲಿ ಒಂದು ಮಾತು ಹೇಳುತ್ತಾನೆ. ಅದನ್ನು ಮೊಣ್ಣಪ್ಪ ತಮಿಳಿನವರಿಗೆ ತಮಿಳಿನಲ್ಲಿ, ಕುಟ್ಟದ ಕಡೆಯಿಂದ ಬಂದವರಿಗೆ ಮಲೆಯಾಳದಲ್ಲಿ, ಮಾದಿಯ ಜನಕ್ಕೆ ಅವರ ಮಾತಿನಲ್ಲಿ ಹೇಳುತ್ತಾನೆ. ಊರಿನವರಿಗೆ ಅರೆಭಾಷೆಯಲ್ಲಿ, ಅದು ಅವರಿಗೇ ಹೊಳೆದದ್ದೆನ್ನುವಂತೆ ಹೇಳುತ್ತಾನೆ. ಆಮೇಲೆ ಕೆಲಸ ಆಗುತ್ತದೆ.

“ನೀಲಾ,” ಎಂದ, “ಅಮೆರಿಕದವರು ಕಾರ್ಡಿನಲ್ಲಿ ಒಬ್ಬ ರೈಟರ್‌ನ ಮಾಡವ್ರೆ.”

“ಪೆಟ್ಟಿಗೇಲಿ ಹಾಕಿ ಕಳ್ಸುವಂಥ ರೈಟರ್. ನಂಗೆ ಸಿಕ್ಕಿದ್ದು ಬೇರೆ ನಮೂನೆದು.”

“ನಾನು ಅವನ ಕೈ ಕಾಲು ಎಲ್ಲ ಊರಿಗೆ ಹಂಚಿ ಬಿಟ್ಟೆ.”

ನೀಲಾವತಿ ಮೊರದಲ್ಲಿದ್ದ ಅಕ್ಕಿಯನ್ನು ಕೆಳಗಿಟ್ಟು, “ಹೆಸರು ಬರ್ಕೊಂಡಿರಲ್ಲ. ಹೋಗಿ ಕೇಳಿ ತನ್ನಿ,” ಎಂದಳು.

ಕೊಡುವುದು ಒಂದು ಸಾಯಂಕಾಲದ ಕೆಲಸವಾಗಿತ್ತು. ವಾಪಸು ತರುವುದಕ್ಕೆ ಹದಿನೇಳು ದಿನ ಬೇಕಾಯಿತು. ಮಾದಿ ಮೊದಲನೆಯ ದಿನವೇ ತಂದುಕೊಟ್ಟಳು, ಬಾಳೆಲೆಯಲ್ಲಿ ಸುತ್ತಿ, ಒಂದು ಮಡಿಕೆಯಿಲ್ಲದೆ. “ಐವತ್ತೈದು ಉಂಟು, ಎಣಿಸಿ ತಕ್ಕೊಳ್ಳಿ,” ಎಂದಳು. ಮೇಷ್ಟರು ರಶೀದಿ ಕೇಳಿದರು. ಪೊನ್ನಪ್ಪ ತನ್ನದನ್ನು ಕೊಡಲು ಒಪ್ಪಿದ, ಆದರೆ ಭಾವ ಕೊಟ್ಟ ಮೇಲೆ; ಭಾವನೂ ಒಪ್ಪಿದ, ಪೊನ್ನಪ್ಪ ಕೊಟ್ಟ ಮೇಲೆ. ಕೊನೆಗೆ ಇಬ್ಬರನ್ನೂ ಎದುರೆದುರು ನಿಲ್ಲಿಸಿ ಎರಡು ಕೈಯಲ್ಲಿ ಒಂದೇ ಸಲ ಇಸಿದುಕೊಳ್ಳಬೇಕಾಯಿತು. ಕಲ್ಲೇಶಪ್ಪನವರು ತಮ್ಮ ಕಾರ್ಡನ್ನು ಮೇಲಿನ ಆಫೀಸಿಗೆ ಕಳುಹಿಸಿ ಅಭಿಪ್ರಾಯ ಕೇಳಿದ್ದರು. ಅದು ‘ಈ ಕಚೇರಿಗೆ ಸಂಬಂಧಿಸಿದ್ದಲ್ಲ’ ಎಂಬ ಒಕ್ಕಣೆಯೊಂದಿಗೆ ಹಿಂದಿರುಗಿತ್ತು. ಅಷ್ಟು ಬೇಗ ಉತ್ತರ ಬಂದದ್ದು ತಮ್ಮ ಸರ್ವೀಸಿನಲ್ಲೇ ಮೊದಲು ಎಂದರು.

ಕುಶಾಲಪ್ಪ ಕಾರ್ಡು ಕಳೆದಿದೆ ಎಂದ. ಮಾರನೆಯ ದಿನ ಇಲಿ ಕಚ್ಚಿದೆ ಎಂದ. ಮೂರನೆಯ ದಿನ ಮೊಣ್ಣಪ್ಪ ದೊಡ್ಡಮನೆಯ ಮೆಟ್ಟಿಲ ಮೇಲೆ ಕೂತು, ಸಿಗುವವರೆಗೆ ಕಾಯುತ್ತೇನೆ ಎಂದ ಮೇಲೆ ಒಳಗಿನಿಂದ ಬಂತು. ಅದರಲ್ಲೀಗ ಎಪ್ಪತ್ತು ತೂತುಗಳಿದ್ದವು. ಮೂರು ಚೌಕ. ಉಳಿದ ಅರವತ್ತೇಳು ದುಂಡಗೆ, ಒಂದೂವರೆ ಅಂಗುಲದ ಮೊಳೆಯ ಅಳತೆಯವು.

ಮೊಣ್ಣಪ್ಪ ಕಾರ್ಡನ್ನು ನೋಡಿದ. ಕುಶಾಲಪ್ಪ ತೋಟದ ಕಡೆ ನೋಡಿದ.

“ಮಳೆ ಬಂದರೆ ಹೂ ಚೆನ್ನಾಗಿ ಬಿಡ್ತದೆ,” ಎಂದ ಕುಶಾಲಪ್ಪ.

“ಹೌದು,” ಎಂದ ಮೊಣ್ಣಪ್ಪ. ಒಂದೇ ಸಲ ಹೇಳಿದ.

ಉಳಿದದ್ದು ಬೊಳ್ಳಮ್ಮನ ಆರುನೂರ ಹದಿನಾಲ್ಕನೆಯ ಕಾರ್ಡು. ಅದನ್ನು ಅವನು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದ. ಆ ಕಾರ್ಡು ಕಿಟಕಿಯಿಂದ ಇಳಿದ ದಿನ ಕುಶಾಲಪ್ಪನ ಜೇಬಿನ ಕಾಗದ ಮತ್ತೆ ಹೊರಗೆ ಬರುತ್ತದೆಂಬುದು ಊರಿಗೆಲ್ಲ ಗೊತ್ತು. ಇಳಿಯದಿದ್ದರೆ ಎಲ್ಲಿಯದೋ ನದಿಯ ಲೆಕ್ಕ ನಿಲ್ಲುತ್ತದೆ. ಬೊಳ್ಳಮ್ಮನ ಮನೆಯ ದಾರಿಯಲ್ಲಿ ಅವನು ಎರಡು ಸಲ ಹಿಂದಕ್ಕೆ ತಿರುಗಿದ. ಎರಡು ಸಲವೂ ನಾಯಿ ಬೊಗಳಿದ್ದರಿಂದ, ನೋಡಿದವರು ಏನೆಂದುಕೊಳ್ಳುತ್ತಾರೋ ಎಂದು ಮುಂದೆ ನಡೆದ.

ಬೊಳ್ಳಮ್ಮ ಅಂಗಳದಲ್ಲಿ ಚಾಪೆ ಹಾಸಿ ಕರಿಮೆಣಸು ಹರವುತ್ತಿದ್ದಳು.

“ಬೊಳ್ಳಮ್ಮಕ್ಕ, ನಾನೊಂದು ತಪ್ಪು ಮಾಡಿಬಿಟ್ಟೆ. ಆ ಕಾರ್ಡು ಸರ್ಕಾರದ್ದಲ್ಲ. ಅದರಲ್ಲಿ ನಿಮ್ಮ ಮನೆ ಬಗ್ಗೆ ಎಂತದೂ ಇಲ್ಲೆ. ಅದೊಂದು ಯಂತ್ರಕ್ಕೆ ಹೇಳುವ ಮಾತು.”

ಬೊಳ್ಳಮ್ಮ ಮೆಣಸು ಹರವುವುದನ್ನು ನಿಲ್ಲಿಸಲಿಲ್ಲ.

“ಅದು ನಂಗೆ ಗೊತ್ತುಟ್ಟು ಮೊಣ್ಣಪ್ಪ. ಯಾವ ಸರ್ಕಾರ ಒಬ್ಬಳಿಗೆ ಅರವತ್ತೆರಡು ಸಲ ಹೌದು ಹೇಳ್ತದೆ?”

ಮೊಣ್ಣಪ್ಪ ಚಾಪೆಯ ಪಕ್ಕ ಕೂತ.

“ಕುಶಾಲಪ್ಪ ಬಾವಂಗೆ ಗೊತ್ತಿಲ್ಲೆ,” ಎಂದಳು ಅವಳು. “ಅಷ್ಟು ಸಾಕಿತ್ತ್.”

“ನಂಗೆ ಅದು ವಾಪಸು ಬೇಕು ಅಕ್ಕ.”

“ತಕ್ಕೊಂಡು ಹೋಗು. ನೀನು ಕೊಟ್ಟದ್ದು.” ಮೆಣಸಿನಲ್ಲಿದ್ದ ಒಂದು ಕಲ್ಲನ್ನು ಆರಿಸಿ ಬೇಲಿಯ ಆಚೆಗೆ ಎಸೆದಳು. “ಕನ್ನಡಕವ ಇನ್ನೊಂದು ಸಲ ಕಳ್ಕೊಂಡರಾತ್.”

ಮೊಣ್ಣಪ್ಪ ಒಳಗೆ ಹೋಗಿ ಕಾರ್ಡಿನ ಮುಂದೆ ನಿಂತ. ಬಿಸಿಲು ಅದರ ತೂತುಗಳಿಂದ ಇಳಿದು ನೆಲದ ಮೇಲೆ ಚಿಕ್ಕ ಚಿಕ್ಕ ಚೌಕಗಳಾಗಿ ಬಿದ್ದಿತ್ತು. ಅಮೆರಿಕದ ಕಾಗದದಲ್ಲಿ ತಾನು ಬಿಟ್ಟುಬಿಟ್ಟಿದ್ದ ಎರಡು ಪದ ಆಗ ಅವನ ನೆನಪಿಗೆ ಬಂದವು. ಪ್ರತಿ ಮಾಡಿ. ಅವನು ಮನೆಗೆ ಓಡಿದ. ಅವನು ಓಡಿದ್ದನ್ನು ಹಿಂದೆ ಯಾರೂ ನೋಡಿರಲಿಲ್ಲವಾದ್ದರಿಂದ ಪೊನ್ನಪ್ಪ ಅಂಗಡಿಯಿಂದ ಹೊರಗೆ ಬಂದು, ಆನೆ ಯಾವ ಕಡೆಯಿಂದ ಬರುತ್ತಿದೆ ಎಂದು ಕೇಳಿದ.

ಹತ್ತು ಖಾಲಿ ಕಾರ್ಡುಗಳು ಕಟ್ಟಿದ ದಾರವನ್ನೂ ಬಿಚ್ಚದೆ ಹಾಗೇ ಇದ್ದವು. ಮೊಣ್ಣಪ್ಪ ಒಂದನ್ನೂ, ಗಡ್ಡದ ಬ್ಲೇಡನ್ನೂ, ಕಿತ್ತಳೆ ಗಿಡಕ್ಕೆ ಕಸಿ ಕಟ್ಟುವ ಚಾಕುವನ್ನೂ ತಂದ. ಬೊಳ್ಳಮ್ಮನ ಜಗಲಿಯಲ್ಲಿ ಕೂತು, ಹಳೆಯ ಕಾರ್ಡನ್ನು ಹೊಸದರ ಮೇಲಿಟ್ಟು, ಸೂಜಿಯಿಂದ ಗುರುತು ಮಾಡಿ, ಒಂದೊಂದೇ ಹೌದನ್ನು ಕತ್ತರಿಸತೊಡಗಿದ. ಬೊಳ್ಳಮ್ಮ ಎಣಿಸಿದಳು. ನಲವತ್ತನೆಯದರಲ್ಲಿ ಅವನ ಹೆಬ್ಬೆರಳು ಕೊಯ್ದುಕೊಂಡಿತು. ಅವಳು ಅರಿಸಿನ ಮೆತ್ತಿ, “ನಲವತ್ತೊಂದು” ಎಂದಳು. ಮಧ್ಯಾಹ್ನ ಮೂರು ಗಂಟೆಗೆ ಮುಗಿಯಿತು. ಎರಡನ್ನೂ ಸೇರಿಸಿ ಅವಳ ಕೈಗೆ ಕೊಟ್ಟ. ಅವಳು ಸೂರ್ಯನ ಕಡೆಗೆ ಹಿಡಿದಳು. ಒಂದು ತೂತೂ ಮುಚ್ಚಿಹೋಗಿರಲಿಲ್ಲ.

“ಇದರಲ್ಲಿ ಸರಿಯಾದ್ದು ಯಾವುದು?” ಎಂದು ಕೇಳಿದಳು.

“ಎರಡೂ.”

“ಹಾಗಾದ್ರೆ ರುಜು ಇರುದು ನಂಗಿರ್ಲಿ,” ಎಂದು ಅದನ್ನು ಮತ್ತೆ ಕಿಟಕಿಗೆ ತೂಗುಹಾಕಿದಳು.

ಕುಶಾಲಪ್ಪನ ಕಾರ್ಡಿಗೂ ಇನ್ನೊಂದು ಪ್ರತಿ ಆಯಿತು. ಮೂರೇ ಹೌದುಗಳಾದ್ದರಿಂದ ಐದು ನಿಮಿಷದ ಕೆಲಸ. ಮೊಳೆಯ ತೂತಿನ ಕಾರ್ಡನ್ನು ಏನು ಮಾಡಬೇಕೆಂದು ತೋಚದೆ ಮೊಣ್ಣಪ್ಪ ತನ್ನ ಕಪಾಟಿನಲ್ಲಿ ಇಟ್ಟುಕೊಂಡ. ಅದು ಅಲ್ಲಿದೆ ಎಂದು ಅವನು ಯಾರಿಗೂ ಹೇಳಲಿಲ್ಲ, ಕುಶಾಲಪ್ಪನೂ ಕೇಳಲಿಲ್ಲ. ಬೊಳ್ಳಮ್ಮನ ಮನೆಗೆ ಮಾತ್ರ ಕುಶಾಲಪ್ಪ ಐದನೆಯ ಸಲ ಹೋಗಲಿಲ್ಲ.

ಕಾಫಿ ಹೂ ಬಿಟ್ಟು ಬೆಟ್ಟವೆಲ್ಲ ಬೆಳ್ಳಗಾದ ವಾರ ಪೆಟ್ಟಿಗೆ ಬಸ್ಸು ಹತ್ತಿತು. ಮೊದಲ ಮಳೆಯ ಹೊತ್ತಿಗೆ ಪ್ರೊಫೆಸರರ ಉತ್ತರ ಬಂತು. ಕಾರ್ಡುಗಳು ತಲುಪಿದವು, ಯಂತ್ರ ಓದಿತು, ನದಿಯ ಲೆಕ್ಕ ಆಯಿತು. ಕೈಯಿಂದ ಕತ್ತರಿಸಿದ ಎರಡು ಕಾರ್ಡುಗಳಿದ್ದವು. ಅದರಲ್ಲಿ ಆರುನೂರ ಹದಿನಾಲ್ಕನೆಯದನ್ನು ಯಂತ್ರ ಮೊದಲ ಸಲ ಒಪ್ಪಲಿಲ್ಲ, ಎರಡನೆಯ ಸಲ ಒಪ್ಪಿತು. ಅದರ ಒಂದು ಮೂಲೆಯಲ್ಲಿ ಅರಿಸಿನದ ಕಲೆ ಇದ್ದುದರ ಕಾರಣ ತಮ್ಮ ವಿಭಾಗದಲ್ಲಿ ಯಾರಿಗೂ ತಿಳಿದಿಲ್ಲ. ಕೊನೆಯಲ್ಲಿ ಅವರು ಒಂದು ಪ್ರಶ್ನೆ ಕೇಳಿದ್ದರು. ಈ ಹೊಸ ಆವೃತ್ತಿ ಯಾವ ಯಾವ ಕಡೆ ಹೇಗೆ ನಡೆಯಿತೆಂದು ಅಮೆರಿಕದವರಿಗೆ ವರದಿ ಮಾಡಬೇಕು. ನಿಮ್ಮಲ್ಲಿ ಹೇಗೆ ನಡೆಯಿತೆಂದು ದಯವಿಟ್ಟು ತಿಳಿಸುವುದು.

ಸುಳ್ಳು ಬರೆಯುವ ಮನುಷ್ಯ ಮೊಣ್ಣಪ್ಪ ಅಲ್ಲವೆಂದು ಮೊದಲೇ ಹೇಳಿದೆ. ಅವನು ಎಸ್ಟೇಟಿನ ಮೊಹರಿನ ಕಾಗದ ತೆಗೆದು, ಮಳೆಯ ಕಡೆ ನೋಡುತ್ತ ಬಹಳ ಹೊತ್ತು ಕೂತು, ಕೊನೆಗೆ ಎರಡು ಸಾಲು ಬರೆದ.

‘ಇಲ್ಲಿ ಚೆನ್ನಾಗಿ ನಡೆಯಿತು. ಒಂದು ಕಾರ್ಡು ಇನ್ನೂ ನಡೆಯುತ್ತಿದೆ.’